ಕಬ್ಬನ್ ಎಂಬ ಹೆಸರಿನ ವಂಶಾವಳಿ

ಬೆಂಗಳೂರನ್ನು ಕಂಡ ಕನ್ನಡಿಗರಲ್ಲಿ ಕಬ್ಬನ್ ಪಾರ್ಕಿನ ಹೆಸರನ್ನು ಕೇಳದವರು ಇರಲಾರರು. ನಗರದ ನಡುವಣ ಆ ವಿಸ್ತಾರವಾದ ಉದ್ಯಾನ, ಹಳೆಯ ಪೇಟೆಯೊಳಗಣ ಕಬ್ಬನ್‌ಪೇಟೆ, ದಂಡಿನ ಭಾಗದ ಕಬ್ಬನ್ ರಸ್ತೆ, ಈಚೆಗೆ ನೆಲದ ಕೆಳಗೆ ಓಡುವ ಮೆಟ್ರೋ ರೈಲಿನ ಒಂದು ನಿಲ್ದಾಣ—ಇಷ್ಟಕ್ಕೂ ಆ ಹೆಸರು ಅಂಟಿಕೊಂಡಿರುವುದು. ಉದ್ಯಾನವು ೧೮೭೦ರಲ್ಲಿ ಸಿದ್ಧವಾದಾಗ ಅದಕ್ಕೆ ಮೀಡ್ ಎಂಬ ಬೇರೊಬ್ಬ ದೊರೆಯ ಹೆಸರಿತ್ತು. ೧೯೨೭ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ರಜತೋತ್ಸವದ ಸಂದರ್ಭದಲ್ಲಿ, ಅದಕ್ಕೆ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ಪುನರ್ನಾಮಕರಣವಾಯಿತು. ಆದರೂ ಜನರ ನಾಲಗೆ ತಾನು ಹಿಡಿದುದನ್ನು ಬಿಡಲಿಲ್ಲ. ಆಟೋ ಚಾಲಕನೊಡನೆ ಚಾಮರಾಜೇಂದ್ರ ಉದ್ಯಾನವೆಂದರೆ ಅವನು ಒಂದು ಕ್ಷಣ ನಮ್ಮ ಮುಖವನ್ನು ನೋಡುವನು. ಕಬ್ಬನ್ ಪಾರ್ಕೆಂದರೆ ಮೀಟರು ಹಾಕುವನು. (ಹಾಕಿದರೆ, ಅದು ನಮ್ಮ ಪೂರ್ವಪುಣ್ಯ.)

ಪ್ರೌಢಶಾಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಬೋಧಿಸಿ ನಿವೃತ್ತನಾದ ನನಗೆ ಈ ಹೆಸರಿನ ಗೀಳು ಹಿಡಿದುದು ವಿದ್ಯಾರ್ಥಿಗಳ ದೆಸೆಯಿಂದ. ತರಗತಿಯಲ್ಲಿ ತದ್ಭವ ಪ್ರಕರಣ ನಡೆಯುತ್ತಿದ್ದಾಗ ಒಬ್ಬ ಹುಡುಗನು, ಆ ತೋಟದಲ್ಲಿ ಹಿಂದೆ ಕಬ್ಬು ಬೆಳೆಯುತ್ತಿದ್ದರೆಂದೂ ಆದುದರಿಂದಲೇ ಆ ಹೆಸರು ಬಂತೆಂದೂ ವಾದಿಸಿದನು. ಇನ್ನೊಬ್ಬನು ಅಲ್ಲಿಯ ಕಬ್ಬಿಣದ ಬೇಲಿಯನ್ನು ಸಾಕ್ಷಿಗೆ ಕರೆದನು. ವಿನೋದಕ್ಕಾಗಿ ನಾನೂ ಒಂದು ಮಾತನ್ನು ಸೇರಿಸಿದೆನು: ಕಾವ್ಯವೆಂಬುದರ ತದ್ಭವ ಕಬ್ಬ, ಆಂಡಯ್ಯನು ತನ್ನ ಗ್ರಂಥಕ್ಕೆ ‘ಕಬ್ಬಿಗರ ಕಾವ’ ಎಂದು ಹೆಸರಿಟ್ಟಿಲ್ಲವೆ? ಹಾಗಾದರೆ ಅದು ಕವಿಗಳ ತೋಟವೇ ಆಗಿರಬೇಕು! ಹುಡುಗರು ನಕ್ಕರು. ಆದರೆ ಆ ನಗೆಮಾತಿನೊಳಗೆ ಒಂದು ನಿಜವೂ ಇತ್ತು. ಕರ್ಬು ಕಬ್ಬಾದುದು, ಕರ್ಬುನ ಕಬ್ಬಿಣವಾದುದು, ಕಾವ್ಯ ಕಬ್ಬವಾದುದು—ಇವೆಲ್ಲ ಒಂದೇ ಬಗೆಯ ಸವೆತ. ಮೂಲೆಗಳುಳ್ಳ ಕಲ್ಲು ಹೊಳೆಯಲ್ಲಿ ಉರುಳಿ ಉರುಳಿ ಗುಂಡಾಗುವಂತೆ ಶಬ್ದವೂ ಬಾಯಿಂದ ಬಾಯಿಗೆ ಉರುಳಿ ನುಣುಪಾಗುವುದು. ಕಬ್ಬನ್ ಎಂಬುದು ಕನ್ನಡವಲ್ಲ, ಸಂಸ್ಕೃತವೂ ಅಲ್ಲ. ಆದರೆ ಅದೂ ಹಾಗೆ ಉರುಳಿಬಂದ ಕಲ್ಲೇ. ಅದು ಯಾವ ಬೆಟ್ಟದಿಂದ ಹೊರಟಿತೆಂಬುದನ್ನು ನನಗೆ ತಿಳಿದಷ್ಟರ ಮಟ್ಟಿಗೆ ಇಲ್ಲಿ ನಿರೂಪಿಸುತ್ತೇನೆ.

ಈ ಹೆಸರನ್ನು ನಮ್ಮ ನಾಡಿಗೆ ತಂದವರು ಸರ್ ಮಾರ್ಕ್ ಕಬ್ಬನ್. ಅವರು ೧೮೦೦ರಲ್ಲಿ ಕಂಪೆನಿಯ ಮದರಾಸು ಸೈನ್ಯಕ್ಕೆ ಸೇರಿ ಈ ದೇಶಕ್ಕೆ ಬಂದರು. ೧೮೩೧ರಲ್ಲಿ ಕಂಪೆನಿ ಸರ್ಕಾರವು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತಷ್ಟೆ. ತರುವಾಯ ೧೮೩೪ರಿಂದ ೧೮೬೧ರ ವರೆಗೆ, ಎಂದರೆ ಸುಮಾರು ಇಪ್ಪತ್ತೇಳು ವರ್ಷಕಾಲ, ಕಬ್ಬನ್ನರೇ ಇಲ್ಲಿಯ ಕಮಿಷನರ್. ಆ ಆಡಳಿತದ ಗುಣದೋಷಗಳನ್ನು ತೂಗುವುದು ಚರಿತ್ರಕಾರರ ಕೆಲಸ. ನನ್ನ ಕೈಯಲ್ಲಿರುವುದು ವ್ಯಾಕರಣದ ತಕ್ಕಡಿ ಮಾತ್ರ. ಅವರನ್ನು ನಾವು ಇಂಗ್ಲಿಷ್ ದೊರೆಯೆಂದೇ ಹೇಳುವುದು ವಾಡಿಕೆ. ಆದರೆ ಕಬ್ಬನ್ ಎಂಬ ಅಡ್ಡಹೆಸರು ಇಂಗ್ಲೆಂಡಿನಲ್ಲಿ ವಿರಳವಾದುದು. ಸ್ಮಿತ್, ಬ್ರೌನ್, ಟೇಲರ್ ಎಂಬವರು ಅಲ್ಲಿ ಬೀದಿಗೆ ಹತ್ತು ಮಂದಿ. ಕಬ್ಬನ್ ಎಂಬವರನ್ನು ಹುಡುಕಬೇಕು. ಹುಡುಕುತ್ತ ಹೋದರೆ ದಾರಿಯು ಸಮುದ್ರತೀರಕ್ಕೆ ಬಂದು, ಅಲ್ಲಿಂದ ದೋಣಿಯನ್ನು ಹತ್ತಬೇಕಾಗುವುದು.

ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವಣ ಕಡಲಿನಲ್ಲಿ ಮ್ಯಾನ್ ಎಂಬ ಒಂದು ದ್ವೀಪವುಂಟು. ಉದ್ದ ಸುಮಾರು ೩೩ ಮೈಲಿ, ಅಗಲ ಹೆಚ್ಚೆಂದರೆ ೧೩ ಮೈಲಿ. ವಿಸ್ತೀರ್ಣ ೫೭೨ ಚದರ ಕಿಲೋಮೀಟರು. ನಮ್ಮ ಒಂದು ಸಾಧಾರಣ ತಾಲ್ಲೂಕಿನಷ್ಟು. ಆದರೂ ಅದು ಬ್ರಿಟನ್ನಿನ ರಾಜ್ಯಾಂಗಕ್ಕೆ ಸೇರಿದುದಲ್ಲ. ದೊರೆಗೆ ಅಧೀನವಾಗಿದ್ದರೂ ತನ್ನದೇ ಆದ ಟಿನ್‌ವಾಲ್ಡ್ ಎಂಬ ಶಾಸನಸಭೆಯನ್ನುಳ್ಳುದು. ಅಲ್ಲಿಯ ಮೂಲಭಾಷೆ ಐರಿಷಿಗೂ ಸ್ಕಾಟ್ಲೆಂಡಿನ ಗೇಲಿಕ್ಕಿಗೂ ತಂಗಿಯಾದ ಮ್ಯಾಂಕ್ಸ್. ನಡುವೆ ಉತ್ತರದಿಂದ ಹಡಗೇರಿ ಬಂದ ನಾರ್ಸ್ ಜನರು ಅಲ್ಲಿ ನೆಲಸಿ, ರಾಜ್ಯವಾಳಿ, ಅಲ್ಲಿಯ ಹೆಣ್ಣುಗಳನ್ನು ವರಿಸಿ, ಗೇಲಿಕ್ ಆಡುವ ಮಕ್ಕಳನ್ನು ಪಡೆದರು. ೧೨೬೬ರಲ್ಲಿ ದ್ವೀಪವು ನಾರ್ವೆಯ ದೊರೆಯ ಕೈಯಿಂದ ಸ್ಕಾಟ್ಲೆಂಡಿಗೆ ದಾಟಿತು. ಮುಂದೆ ಇಂಗ್ಲಿಷರ ವಶವಾಗಿ, ೧೪೦೫ರಲ್ಲಿ ಸ್ಟ್ಯಾನ್ಲಿ ಎಂಬ ಇಂಗ್ಲಿಷ್ ಮನೆತನದ ಪಾಲಿಗೆ ಬಂದಿತು. ದ್ವೀಪದ ಈಶಾನ್ಯದಲ್ಲಿ ಮ್ಯಾಕಲ್ಡ್ ಎಂಬ ಗ್ರಾಮ. ಮಾರ್ಕ್ ಕಬ್ಬನ್ನರ ತಂದೆ ಆ ಗ್ರಾಮದ ಇಗರ್ಜಿಯ ಪಾದ್ರಿಗಳು. ಆ ಇಗರ್ಜಿಯ ಅಂಗಳದಲ್ಲಿ ಪ್ರಾಚೀನವಾದ ಶಿಲುಬೆಗಲ್ಲುಗಳ ಸಂಗ್ರಹವಿದೆ. ದ್ವೀಪದ ಬೇರೆ ಬೇರೆ ಊರುಗಳಲ್ಲಿಯೂ ಅಂಥ ಕಲ್ಲುಗಳುಂಟು. ಕೆಲವುಗಳ ಮೇಲೆ ರೂನ್ ಎಂಬ ಹಳೆಯ ಲಿಪಿಯಲ್ಲಿ, ಇಂಥವನ ಮಗನಾದ ಇಂಥವನು ಇಂಥವರ ನೆನಪಿಗೆ ಇದನ್ನು ನಿಲ್ಲಿಸಿದನೆಂದು ಕೊರೆದಿರುವರು. ನಮ್ಮ ವೀರಗಲ್ಲುಗಳನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ. ಅದರಲ್ಲಿಯೂ ತಂದೆಯದು ಒಂದು ಭಾಷೆಯ ಹೆಸರು, ಮಗನದು ಇನ್ನೊಂದು ಭಾಷೆಯ ಹೆಸರು ಆಗಿರುವ ಕಲ್ಲುಗಳು ಬಹು ಸ್ವಾರಸ್ಯವಾದುವು. ಎರಡು ಜನಾಂಗಗಳು ಒಂದು ಮನೆಯಾದುದನ್ನು ಒಂದು ಸಾಲು ತಿಳಿಸಿಬಿಡುವುದು.

ಗೇಲಿಕ್ ಭಾಷೆಗಳಲ್ಲಿ ಮಗನಿಗೆ ‘ಮ್ಯಾಕ್’ ಎನ್ನುವರು. ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್, ಮ್ಯಾಕ್‌ಗ್ರೆಗರ್ ಮೊದಲಾದ ಹೆಸರುಗಳಿಂದ ಇದು ವಾಚಕರಿಗೆ ಪರಿಚಿತವೇ. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ಹೆಸರಿನ ಹಿಂದೆ ಸೇರುವ ‘ಸನ್’ ಮಾಡುವುದು. ಜಾನ್‌ಸನ್, ರಾಬಿನ್‌ಸನ್ ಎಂಬಂತೆ. ಆ ‘ಸನ್’ ನಮ್ಮ ‘ಸೂನು’ವಿನ ದಾಯಾದಿಯೆಂದು ಭಾಷಾಶಾಸ್ತ್ರಜ್ಞರು ಒಪ್ಪಿರುವರು. ಸಂಸ್ಕೃತವಾದರೋ ಇದಕ್ಕೆ ಬೇರೆ ಪದವನ್ನೇ ಬೇಡುವುದಿಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಅಪತ್ಯಾರ್ಥದ ಪ್ರತ್ಯಯಗಳನ್ನು ವಿಧಿಸಿದ್ದಾನೆ. ದಶರಥನ ಮಗ ದಾಶರಥಿ. ವಸುದೇವನ ಮಗ ವಾಸುದೇವ. ಗರ್ಗನ ವಂಶದವನು ಗಾರ್ಗ್ಯ. ಮೊದಲ ಸ್ವರವು ಉಬ್ಬಿತೆಂದರೆ ಆ ಉಬ್ಬಿನೊಳಗೆ ಮಗನು ಅವತರಿಸಿದನೆಂದು ತಿಳಿಯಬೇಕು. ಈ ಪ್ರಕರಣವನ್ನು ಪಾಠ ಹೇಳುವಾಗಲೆಲ್ಲ ನನಗೆ ರೋಮಾಂಚವಾಗುತ್ತಿತ್ತು. ಹುಡುಗರಿಗೆ ನಿದ್ದೆ ಬರುತ್ತಿತ್ತು. ಇರಲಿ.

ಮ್ಯಾನ್ ದ್ವೀಪದ ಹೆಸರುಗಳ ವಿಶೇಷವೇನೆಂದರೆ, ಅಲ್ಲಿ ಮ್ಯಾಕ್ ಎಂಬುದು ಇದ್ದೂ ಇಲ್ಲದಂತಾಗಿದೆ. ಹದಿನಾರನೆಯ ಶತಮಾನದ ಮೊದಲಲ್ಲಿ ಭೂಮಿಯ ಕಂದಾಯದ ಪಟ್ಟಿಗಳನ್ನು ಬರೆದಾಗ ಅಲ್ಲಿಯ ಮನೆತನಗಳಿಗೆಲ್ಲ ಬಹುಮಟ್ಟಿಗೆ ಮ್ಯಾಕ್ ಸೇರಿಯೇ ಇತ್ತು. ಮುಂದಣ ನೂರು ನೂರೈವತ್ತು ವರ್ಷಗಳಲ್ಲಿ ಅದು ಕಣ್ಮರೆಯಾಯಿತು. ಬರೆಯುವ ಗುಮಾಸ್ತರ ಮೇಲಿನವರು ಇಂಗ್ಲಿಷ್ ಬಲ್ಲವರು. ಆಡುವ ಜನ ಗೇಲಿಕ್ಕಿನವರು. ಆಡುವಾಗ ಒತ್ತು ಬೀಳುತ್ತಿದ್ದುದು ತಂದೆಯ ಹೆಸರಿನ ಮೇಲೆ. ಮುಂದಿದ್ದ ಮ್ಯಾಕ್‌ನ ಮಕಾರವು ಬಾಯಿಯಲ್ಲಿಯೇ ಅಡಗಿಹೋಯಿತು. ಆದರೆ ಅದರ ಕೊನೆಯ ಕಕಾರವು ಮಾತ್ರ ಬಿಡದೆ ಮುಂದಿನ ಹೆಸರಿನ ತಲೆಗೆ ಅಂಟಿಕೊಂಡಿತು. ಆದುದರಿಂದಲೇ ಆ ದ್ವೀಪದ ಹಳೆಯ ಮನೆತನಗಳ ಹೆಸರುಗಳಲ್ಲಿ ಎಷ್ಟೋ ಕಕಾರದಿಂದ ಮೊದಲಾಗುವುವು. ಮ್ಯಾಕ್ ವಿಲಿಯಂ ಎಂಬುದು ಕ್ವಿಲಿಯಂ. ಮ್ಯಾಕ್ ಐಸಾಕ್ ಎಂಬುದು ಕಿಸ್ಸಾಕ್. ಮ್ಯಾಕ್ ಡರ್ಮಟ್ ಎಂಬುದು ಕರ್ಮೋಡ್. ಮ್ಯಾಕ್ ನೀಲ್ ಎಂಬುದು ನೀಲ್—ಇಲ್ಲಿ ಕಕಾರವು ಬರವಣಿಗೆಯಲ್ಲಿ ಉಳಿದು ಉಚ್ಚಾರದಲ್ಲಿ ಮೂಕವಾಗಿದೆ. ಥಾರ್ ಎಂಬ ನಾರ್ಸ್ ದೇವತೆಯ ಹೆಸರುಳ್ಳ ಥಾರ್ಕೆಟಿಲ್ ಎಂಬವನ ಮಕ್ಕಳು ಕಾರ್ಕಿಲ್ ಆದರು. ದೇವತೆಯ ತಲೆಯೂ ಹೋಯಿತು, ಮಗನೆಂಬ ಮಾತಿನ ತಲೆಯೂ ಹೋಯಿತು. ಉಳಿದುದು ಒಂದು ಮುಂಡ. ೧೮೦೫ರ ಟ್ರಫಾಲ್ಗರ್ ಯುದ್ಧದಲ್ಲಿ ನೆಲ್ಸನ್ನನ ಹಡಗಿನ ಮೇಲೆ ಲೆಫ್ಟಿನೆಂಟ್ ಆಗಿದ್ದ ಜಾನ್ ಕ್ವಿಲಿಯಂ ಎಂಬವನು ಈ ದ್ವೀಪದವನೇ.

ಈಗ ಪ್ರಕೃತಕ್ಕೆ ಬರೋಣ. ಕಬ್ಬನ್ ಎಂಬುದನ್ನು ಬಲ್ಲವರು ‘ಮ್ಯಾಕ್ ಗಿಬ್ಬನ್’, ಎಂದರೆ ಗಿಬ್ಬನ್ನನ ಮಗ, ಎಂದು ಬಿಡಿಸುವರು. ಈ ಪದಚ್ಛೇದದಲ್ಲಿ ಸಂಸ್ಕೃತ ಬಲ್ಲವನ ಕಣ್ಣಿಗೆ ಒಡನೆಯೆ ಬೀಳುವುದು ಸಂಧಿ. ದಿಕ್ ಎಂಬುದಕ್ಕೆ ಗಜ ಸೇರಿದರೆ ನಮಗೆ ದಿಗ್ಗಜವಾಗುವುದು. ಹಿಂದಣ ಕಕಾರವು ಮುಂದಣ ಗಕಾರಕ್ಕೆ ಮಣಿದು ತಾನೂ ಗಕಾರವಾಗುವುದು. ಅಲ್ಲಿ ನಡೆದುದು ಇದಕ್ಕೆ ತಿರುಗುಮುರುಗು. ಮ್ಯಾಕ್‌ನ ಕಕಾರಕ್ಕೆ ಗಿಬ್ಬನ್ನಿನ ಗಕಾರವೇ ಮಣಿಯಿತು. ಗೇಲಿಕ್ ನಾಲಗೆಯ ಮೇಲೆ ಇಕಾರವು ಉಕಾರದ ಕಡೆಗೆ ಜಾರಿತು. ಮ್ಯಾಕ್ಕುಬ್ಬನ್ ಆಯಿತು. ತರುವಾಯ ಮ್ಯಾಕ್ ಹೋಗಿ ಕುಬ್ಬನ್ ಉಳಿಯಿತು. ಇಂಗ್ಲಿಷಿನ ಬಾಯಿಯಲ್ಲಿ ಆ ಉಕಾರವೂ ಅಗಲವಾಗಿ ಕಬ್ಬನ್ ಎಂದಾಯಿತು. ನಮ್ಮಲ್ಲಿ ಹಿಂದಿನದು ಮುಂದಿನದಕ್ಕೆ ಮಣಿಯುವುದು, ಅಲ್ಲಿ ಮುಂದಿನದು ಹಿಂದಿನದಕ್ಕೆ ಮಣಿಯಿತು ಎಂಬುದನ್ನು ಕಂಡಾಗ, ಎರಡು ಊರಿನ ಸೊಸೆಯಂದಿರ ನೆನಪಾಗಿ ನಾನೊಬ್ಬನೇ ನಕ್ಕೆನು.

ಇನ್ನು ಈ ಗಿಬ್ಬನ್ ಯಾರು? ನಿಘಂಟನ್ನು ತೆಗೆದರೆ ಮೊದಲು ಸಿಕ್ಕುವುದು ಅಸ್ಸಾಮಿನ ಕಾಡುಗಳಲ್ಲಿ ಮರದಿಂದ ಮರಕ್ಕೆ ತೂಗಾಡುವ ಬಾಲವಿಲ್ಲದ ಕಪಿ. ಆ ಹೆಸರನ್ನು ೧೮ನೆಯ ಶತಮಾನದಲ್ಲಿ ಬ್ಯುಫಾನ್ ಎಂಬ ಫ್ರೆಂಚ್ ಪಂಡಿತನು ಬಳಕೆಗೆ ತಂದನು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ರೋಮ್ ಸಾಮ್ರಾಜ್ಯದ ಅವನತಿಯ ಚರಿತ್ರೆಯನ್ನು ಬರೆದ ಎಡ್ವರ್ಡ್ ಗಿಬ್ಬನ್ನನ ಹೆಸರು ಮಾತ್ರ ಇದೇ. ಗಿಬ್ಬನ್ ಎಂಬುದು ಗಿಬ್ ಎಂಬುದರ ಮುದ್ದಿನ ರೂಪ. ಗಿಬ್ ಎಂಬುದು ಗಿಲ್ಬರ್ಟ್ ಎಂಬುದರ ಮೊಟಕು. ನಮ್ಮಲ್ಲಿ ಕೃಷ್ಣನು ಕಿಟ್ಟನಾಗಿ, ಕಿಟ್ಟನು ಕಿಟ್ಟಪ್ಪನಾಗುವುದಿಲ್ಲವೆ? ರಾಘವೇಂದ್ರನು ರಾಘುವಾಗುವುದಿಲ್ಲವೆ? ಹಾಗೆಯೇ. ಗಿಲ್ಬರ್ಟ್ ಎಂಬುದನ್ನು ೧೦೬೬ರ ತರುವಾಯ ಇಂಗ್ಲೆಂಡಿನಲ್ಲಿ ಹರಡಿದವರು ನಾರ್ಮನ್ನರು. ಅವರು ಆಡುತ್ತಿದ್ದುದು ಫ್ರೆಂಚ್. ಆದರೆ ಹೆಸರು ಅದಕ್ಕೂ ಹಳೆಯದು, ಜರ್ಮನ್ ಕುಲದ್ದು. ಅದರ ಮೊದಲ ಭಾಗಕ್ಕೆ ಒತ್ತೆಯೆಂದು, ಒತ್ತೆಯಾಳೆಂದು ಅರ್ಥ, ಎರಡನೆಯದಕ್ಕೆ ಬೆಳಗುವುದೆಂದು. ಈ ಎರಡನೆಯ ಭಾಗವು ನಮ್ಮ ‘ಭ್ರಾಜ್’ ಧಾತುವಿನ ನಂಟು. ಭ್ರಾಜಿಸು ಎಂದರೆ ಹೊಳೆ.

ಒತ್ತೆಯಾಳು ಎಂಬುದು ಹೆಸರಿಡಲು ತಕ್ಕ ಮಾತೇ ಎಂದು ವಾಚಕರು ಕೇಳಬಹುದು. ಪೂರ್ವಕಾಲದ ಯೂರೋಪಿನಲ್ಲಿ ಎರಡು ಪಾಳೆಯಗಳು ಕೌಲು ಮಾಡಿಕೊಂಡಾಗ, ಕೊಟ್ಟ ಮಾತಿಗೆ ತಪ್ಪೆವೆಂಬುದಕ್ಕೆ ಈಡಾಗಿ ನಾಯಕನ ಮಗನನ್ನು ಎದುರಾಳಿಯ ಮನೆಯಲ್ಲಿ ಬಿಡುತ್ತಿದ್ದರು. ಯಾರ ಮಗನನ್ನಾದರೂ ಒತ್ತೆಯಿಟ್ಟರೆ ನಡೆಯದು. ಕಳೆದುಕೊಂಡರೆ ಹೊಟ್ಟೆ ಉರಿಯುವಂಥವನಾಗಿರಬೇಕು. ಆದುದರಿಂದ ಆ ಶಬ್ದಕ್ಕೆ ಕುಲೀನತೆಯ ಛಾಯೆ ಬಂದಿತು. ಇದು ದೂರದ ಮಾತೆಂದು ಭಾವಿಸಬೇಕಾಗಿಲ್ಲ. ೧೭೯೨ರಲ್ಲಿ ಶ್ರೀರಂಗಪಟ್ಟಣದ ಒಪ್ಪಂದವಾದಾಗ ಟಿಪ್ಪು ಸುಲ್ತಾನನ ಇಬ್ಬರು ಚಿಕ್ಕ ಮಕ್ಕಳನ್ನು ಕಾರ್ನ್‌ವಾಲಿಸನು ಒತ್ತೆಯಾಗಿ ಕೊಂಡೊಯ್ದುದನ್ನು ನಾವೆಲ್ಲ ಓದಿದ್ದೇವೆ. ಆ ಘಟನೆಯಾದ ಎಂಟು ವರ್ಷಕ್ಕೆ, ಒತ್ತೆಯಾಳೆಂಬ ಅರ್ಥವನ್ನು ತನ್ನ ಹೆಸರಿನ ತಳದಲ್ಲಿ ಹೂತಿಟ್ಟುಕೊಂಡ ಒಬ್ಬ ತರುಣನು ಮದರಾಸಿನಲ್ಲಿ ಹಡಗಿನಿಂದ ಇಳಿದನು. ಇದನ್ನು ನಾನು ಕಾರ್ಯಕಾರಣವೆಂದು ಹೇಳುತ್ತಿಲ್ಲ. ಇಂಥವು ಕಣ್ಣಿಗೆ ಬಿದ್ದಾಗ ಹೇಳದೆ ಇರಲಾಗುವುದಿಲ್ಲ, ಅಷ್ಟೆ.

ಇದೇ ಹೆಸರು ಸಮುದ್ರದಾಚೆ ಬೇರೆ ವೇಷದಲ್ಲಿ ಉಳಿದಿದೆ. ಮ್ಯಾನ್ ದ್ವೀಪದ ಉತ್ತರದ ತುದಿಯಿಂದ ಸ್ಕಾಟ್ಲೆಂಡಿನ ಗ್ಯಾಲೊವೇ ತೀರ ಇಪ್ಪತ್ತು ಮೈಲಿಗೂ ಕಡಮೆ. ಆ ಸೀಮೆಯಲ್ಲಿಯೂ ಅದರ ನೆರೆಯ ಏರ್‌ಷೈರಿನಲ್ಲಿಯೂ ಈ ಮನೆತನದವರು ಮ್ಯಾಕ್ಕಬಿನ್ ಎಂದೇ ಉಳಿದರು. ಅವರಿಗೆ ಮ್ಯಾಕ್ ತಪ್ಪಲಿಲ್ಲ. ಆಸ್ಟ್ರೇಲಿಯದ ಹೆಸರಾಂತ ಚಿತ್ರಕಾರ ಫ್ರೆಡರಿಕ್ ಮ್ಯಾಕ್ಕಬಿನ್ ಆ ಶಾಖೆಯ ಹೆಸರನ್ನು ಹೊತ್ತವನು. ವೇಲ್ಸ್ ದೇಶದಲ್ಲಿ ಮಗನಿಗೆ ‘ಆಪ್’ ಎನ್ನುವರು. ಅಲ್ಲಿಯೂ ಇದೇ ಕಥೆ: ಆಪ್ ರೀಸ್ ಎಂಬುದು ಪ್ರೈಸ್ ಆಯಿತು, ಆಪ್ ಹವೆಲ್ ಎಂಬುದು ಪವೆಲ್ ಆಯಿತು. ಆಪ್ ಸೇರದೆ ಉಳಿದ ರೀಸ್ ಎಂಬುದೇ ಇಂಗ್ಲಿಷಿನಲ್ಲಿ ರೈಸ್ ಎಂದೂ ಆಯಿತು. ನಮ್ಮ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿ ಮಹೋಪಕಾರ ಮಾಡಿದ, ಬೆಂಗಳೂರಿನಲ್ಲಿಯೇ ಹುಟ್ಟಿದ ಲೂಯಿ ರೈಸ್ ಅವರ ಹೆಸರಿಗೆ ಅಕ್ಕಿಯ ಸಂಬಂಧವನ್ನು ಕಟ್ಟಿ ನಗುವವರು ಇದನ್ನು ಮನಸ್ಸಿನಲ್ಲಿಡಬೇಕು.

ಕಬ್ಬನ್ ಎಂಬ ಹೆಸರು ‘ಇಂಥವನ ಮಗ’ ಎಂದು ಸಾರುವುದಷ್ಟೆ. ಆದರೆ ಅದನ್ನು ಹೊತ್ತು ನಮ್ಮಲ್ಲಿ ಪ್ರಸಿದ್ಧರಾದ ಮಾರ್ಕ್ ಕಬ್ಬನ್ನರು ಮದುವೆಯಾಗಲಿಲ್ಲ, ಅವರಿಗೆ ಮಗನಿರಲಿಲ್ಲ. ೧೮೬೧ರಲ್ಲಿ ಹುದ್ದೆಯನ್ನು ಬಿಟ್ಟು, ಅರವತ್ತು ವರ್ಷಗಳ ತರುವಾಯ ತಾಯ್ನಾಡಿಗೆ ಹೊರಟವರು ಸೂಯೆಜ್‌ನಲ್ಲಿ ತೀರಿಕೊಂಡರು. ದೇಹವನ್ನು ಮಾತ್ರ ದ್ವೀಪಕ್ಕೆ ಒಯ್ದು ಮ್ಯಾಕಲ್ಡಿನಲ್ಲಿ ಹೂಳಿದರು. ಇಲ್ಲಿ ಉಳಿದುದು ೧೮೬೬ರ, ಮಾರೊಚೆಟ್ಟಿ ಎಂಬ ಶಿಲ್ಪಿಯ ಕೈಯ ಕಂಚಿನ ಕುದುರೆಯೂ ಅದರ ಮೇಲಿನ ಸವಾರನೂ. ಬಹುಕಾಲ ಅಠಾರ ಕಚೇರಿಯ ಮುಂದೆ ನಿಂತಿದ್ದ ಆ ಪ್ರತಿಮೆಯನ್ನು ೨೦೨೦ರಲ್ಲಿ ಉದ್ಯಾನದ ಒಳಗಡೆಗೆ ಸಾಗಿಸಿದರು.

ಇನ್ನೊಂದು ವಿಚಾರ. ಕಬ್ಬನ್ನರು ಈ ದೇಶಕ್ಕೆ ಬಂದುದು ಹೆಸರು ಕೊಟ್ಟ ತಂದೆಯ ಬಳಗದ ದಾರಿಯಿಂದಲ್ಲ, ತಾಯಿಯ ಕಡೆಯ ದಾರಿಯಿಂದ. ಅವರ ತಾಯಿ ವಿಲ್ಕ್ಸ್ ಮನೆತನದವರು. ಮೈಸೂರಿನ ಚರಿತ್ರೆಯನ್ನು ಬರೆದ, ಇಲ್ಲಿ ರೆಸಿಡೆಂಟರಾಗಿದ್ದ, ಮುಂದೆ ನೆಪೋಲಿಯನ್ ಸೆರೆಯಾಳಾಗಿ ಬಂದಿಳಿದಾಗ ಸೇಂಟ್ ಹೆಲಿನಾ ದ್ವೀಪದ ಗವರ್ನರಾಗಿದ್ದ ಕರ್ನಲ್ ಮಾರ್ಕ್ ವಿಲ್ಕ್ಸ್ ಇವರ ಸೋದರಮಾವ. ಸೋದರಮಾವನ ಪ್ರಭಾವ ಎಷ್ಟೆಂಬುದನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಆದರೆ ಕಬ್ಬನ್ ಎಂಬ ಹೆಸರನ್ನು ಎಷ್ಟು ಅರೆದು ಸೋಸಿದರೂ ಅದರಲ್ಲಿ ವಿಲ್ಕ್ಸರ ವಾಸನೆ ಬರುವುದಿಲ್ಲ. ಗಿಲ್ಬರ್ಟನ ಹೆಂಡತಿ, ಗಿಬ್ಬನ್ನನ ತಾಯಿ, ಅವರ ಸೊಸೆಯಂದಿರು, ಯಾರೂ ಆ ಹೆಸರಿನೊಳಗೆ ಇಲ್ಲ. ಈ ವಿಷಯದಲ್ಲಿ ನಮ್ಮ ಪೂರ್ವಿಕರು ಸ್ವಲ್ಪ ಉದಾರಿಗಳು. ಕೌಂತೇಯ, ರಾಧೇಯ, ಸೌಮಿತ್ರಿ ಎಂಬುವು ತಾಯಿಯಿಂದ ಬಂದ ಹೆಸರುಗಳೇ. ಅಪತ್ಯಪ್ರತ್ಯಯಗಳನ್ನು ವಿಧಿಸಿದ ಪಾಣಿನಿಯನ್ನೇ ಪತಂಜಲಿಯು ದಾಕ್ಷೀಪುತ್ರನೆಂದು ಕರೆದಿರುವನು. ಶಾತವಾಹನರಲ್ಲಿ ಗೌತಮೀಪುತ್ರನುಂಟು; ನಮ್ಮ ಬನವಾಸಿಯ ಕದಂಬರೂ ಬಾದಾಮಿಯ ಚಾಲುಕ್ಯರೂ ತಮ್ಮನ್ನು ಹಾರಿತೀಪುತ್ರರೆಂದು ಹೇಳಿಕೊಂಡರು. ಉದಾರಿಗಳೆಂದೆನು, ಆ ಉದಾರತೆ ಎಷ್ಟು ತಲೆಮಾರು ನಡೆಯಿತೆಂದು ಯಾರಾದರೂ ಕೇಳಿದರೆ ನನ್ನ ಬಳಿ ಉತ್ತರವು ಅಷ್ಟು ಗಟ್ಟಿಯಾಗಿಲ್ಲ.

ಹೆಸರು ಸವೆದುದಕ್ಕಿಂತ ನನಗೆ ಹೆಚ್ಚು ಚಿಂತೆಯನ್ನು ತಂದುದು ಅದರ ಭಾಷೆಯ ಗತಿ. ಮ್ಯಾಂಕ್ಸ್ ಭಾಷೆಯಲ್ಲಿ ಮೊದಲ ಪುಸ್ತಕ ಅಚ್ಚಾದುದು ೧೭೦೭ರಲ್ಲಿ. ಆಗ ದ್ವೀಪದ ಜನಸಾಮಾನ್ಯರ ಮಾತೆಲ್ಲ ಅದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಮಕ್ಕಳಿಗೆ ಇಂಗ್ಲಿಷೇ ಅನ್ನ ಕೊಡುವುದೆಂದು ತಂದೆತಾಯಿಗಳು ನಂಬಿದರು. ಲಿವರ್‌ಪೂಲಿಗೆ ದುಡಿಯಹೋದವರು ಭಾಷೆಯನ್ನು ದಡದಲ್ಲಿಯೇ ಬಿಟ್ಟು ಹೆಸರನ್ನು ಮಾತ್ರ ಹಡಗಿಗೆ ಹತ್ತಿಸಿದರು. ತೊಟ್ಟಿಲಿನಿಂದಲೇ ಆ ಭಾಷೆಯನ್ನಾಡಿದವರಲ್ಲಿ ಕಡೆಯವನಾದ ನೆಡ್ ಮ್ಯಾಡ್ರೆಲ್ ಎಂಬ ಬೆಸ್ತನು ೧೯೭೪ರಲ್ಲಿ ತೀರಿಕೊಂಡನು. ಅಲ್ಲಿಗೆ ಕಬ್ಬನ್, ಕಿಸ್ಸಾಕ್, ಕರ್ಮೋಡ್ ಎಂಬ ಹೆಸರುಗಳು ಬಾಗಿಲು ಮುಚ್ಚಿದ ಮನೆಗಳಂತಾದುವು. ವಿಳಾಸವುಂಟು, ಒಳಗೆ ದೀಪವಿಲ್ಲ. ಆದರೆ ಕಥೆ ಅ‌ಲ್ಲಿಗೇ ಮುಗಿಯಲಿಲ್ಲ. ಹೆಸರುಗಳ ಬೀಗದ ಕೈಯನ್ನು ಜೋಪಾನ ಮಾಡಿದ ಕೆಲವರು ಅದೇ ಮನೆತನಗಳಲ್ಲಿ ಹುಟ್ಟಿದ್ದರು. ಶಿಲುಬೆಗಲ್ಲುಗಳನ್ನೆಲ್ಲ ಅಳೆದು ೧೯೦೭ರಲ್ಲಿ ದೊಡ್ಡ ಗ್ರಂಥವನ್ನು ಬರೆದವನು ಒಬ್ಬ ಕರ್ಮೋಡ್. ಅವನ ಬಳಿಕ ದ್ವೀಪದ ವಸ್ತುಸಂಗ್ರಹಾಲಯವನ್ನು ನೋಡಿಕೊಂಡು, ಆ ನಾಡಿಗೆ ಸಂಬಂಧಿಸಿದ ಪುಸ್ತಕಗಳನ್ನೆಲ್ಲ ಪಟ್ಟಿಮಾಡಿ ೧೯೩೦ರ ದಶಕದಲ್ಲಿ ಎರಡು ಸಂಪುಟಗಳಾಗಿ ಹೊರತಂದವನು ಒಬ್ಬ ಕಬ್ಬನ್—ವಿಲಿಯಂ ಕಬ್ಬನ್. ೨೦೦೧ರಲ್ಲಿ ಮ್ಯಾಂಕ್ಸ್ ಮಾಧ್ಯಮದ ಒಂದು ಪ್ರಾಥಮಿಕ ಶಾಲೆಯೂ ಆರಂಭವಾಯಿತು. ೨೦೦೯ರಲ್ಲಿ ಯುನೆಸ್ಕೋ ಸಂಸ್ಥೆಯವರು ಈ ಭಾಷೆಯು ನಶಿಸಿತೆಂದು ಪಟ್ಟಿಯಲ್ಲಿ ಬರೆದರು. ಆಗ ಆ ಶಾಲೆಯ ಮಕ್ಕಳು, ನಶಿಸಿದ್ದರೆ ನಾವೀಗ ಯಾವ ಭಾಷೆಯಲ್ಲಿ ಬರೆಯುತ್ತಿದ್ದೇವೆಂದು ಮ್ಯಾಂಕ್ಸಿನಲ್ಲಿಯೇ ಕಾಗದ ಬರೆದು ಕೇಳಿದರು! ಪಟ್ಟಿಯನ್ನು ತಿದ್ದಲಾಯಿತು. ನಾನು ಉಪಾಧ್ಯಾಯನಾಗಿದ್ದವನು, ಅಂಥ ಮಕ್ಕಳನ್ನು ತರಗತಿಯಲ್ಲಿ ಪಡೆದ ಆ ಉಪಾಧ್ಯಾಯರ ಮೇಲೆ ನನಗೆ ಮತ್ಸರವಾಯಿತೆಂದು ಹೇಳಲು ನಾಚಿಕೆಯಿಲ್ಲ.

ಇಷ್ಟೆಲ್ಲ ದೂರದ ದ್ವೀಪದ ಚಿಂತೆ ನಿಮಗೇಕೆ ಎಂದು ವಾಚಕರು ಕೇಳುವ ಮುನ್ನ ನಮ್ಮ ಮನೆಯ ಮಾತನ್ನು ಹೇಳಿಬಿಡುತ್ತೇನೆ. ಹುಬ್ಬಳ್ಳಿ ಬೆಳಗಾವಿಗಳ ಕಡೆ ಪಾಟೀಲ, ಕುಲಕರ್ಣಿ, ಬಡಿಗೇರ, ಮೆಣಸಿನಕಾಯಿ ಎಂದು ಖಚಿತವಾದ ಅಡ್ಡಹೆಸರುಗಳುಂಟು. ನಮ್ಮ ಹಳೆಯ ಮೈಸೂರಿನವರಿಗೆ ಅದಿಲ್ಲ. ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು, ತರುವಾಯ ನಮ್ಮದು. ನಾವು ತೀರಿಕೊಂಡರೆ ನಮ್ಮ ಹೆಸರು ಮಗನ ಇನಿಷಿಯಲ್ಲಾಗಿ ಒಂದು ತಲೆಮಾರು ಬದುಕಿ, ಅಲ್ಲಿಂದ ಮುಂದೆ ಶ್ರಾದ್ಧಕ್ಕೆ ಸೇರುವುದು. ಐಸ್ಲೆಂಡಿನವರು ಇಂದಿಗೂ ಹೀಗೆಯೇ ಬಹುಪಾಲು ತಂದೆಯ ಹೆಸರಿಗೆ ಮಗ, ಮಗಳು ಎಂದು ಸೇರಿಸಿ ತಲೆಮಾರಿಗೊಮ್ಮೆ ಬದಲಾಯಿಸುತ್ತಾರಂತೆ. ಇದರಲ್ಲಿ ನಮಗೇನೂ ಕೊರತೆ ಕಂಡಿರಲಿಲ್ಲ. ನನ್ನ ಮಗನು ಉದ್ಯೋಗಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಸರ್‌ನೇಮ್ ಎಂಬ ಒಂದು ಚೌಕವಿತ್ತು. ಚೌಕವನ್ನು ಬರಿದಾಗಿ ಬಿಟ್ಟರೆ ಮುಂದೆ ತೊಂದರೆಯೆಂದು ಬಲ್ಲವರು ಹೇಳಿದರು. ಅವನು ತನ್ನ ಇನಿಷಿಯಲ್ಲನ್ನು ಬಿಡಿಸಿ ನನ್ನ ಹೆಸರನ್ನು ಅಲ್ಲಿ ತುಂಬಿದನು. ಎರಡು ನಿಮಿಷದ ಕೆಲಸ. ಅಲ್ಲಿಯೇ ಹುಟ್ಟಿದ ಅವನ ಮಗಳಿಗೂ ಅದೇ ಹೆಸರು ಬಂತು. ಈಗ ಒಂಬತ್ತು ವರ್ಷದ ಆ ಹುಡುಗಿಯನ್ನು ದವಾಖಾನೆಯಲ್ಲಿ ಕೂಗಿ ಕರೆಯುವುದು ನನ್ನ ಹೆಸರಿನಿಂದ! ಅವಳ ತಂದೆಯ ಹೆಸರು ಅವಳ ಹೆಸರಿನಲ್ಲಿ ಇಲ್ಲವೇ ಇಲ್ಲ. ನನ್ನ ತಂದೆಯವರದೂ ನಮ್ಮ ಊರಿನದೂ ಇಲ್ಲ. ನಡುವೆ ನಾನೊಬ್ಬನು ಕಂಬದಂತೆ ನಿಂತುಬಿಟ್ಟಿದ್ದೇನೆ. ಐದಕ್ಷರದ ನನ್ನ ಹೆಸರು ಅಲ್ಲಿಯ ಶಾಲೆಯಲ್ಲಿ ಆಗಲೇ ಮೂರಕ್ಷರಕ್ಕೆ ಇಳಿದಿದೆಯೆಂದು ಅವಳೇ ದೂರವಾಣಿಯಲ್ಲಿ ಹೇಳಿದಳು. ಒತ್ತಕ್ಷರ ಅವರ ಬಾಯಿಗೆ ಹಿಡಿಸದಂತೆ.

ನಾಮಕರಣದ ದಿನ ಅಕ್ಕಿಯ ಮೇಲೆ ಬರೆದು ನನ್ನ ತಂದೆಯವರು ಕಿವಿಯಲ್ಲಿ ಉಸುರಿದ ಹೆಸರದು. ಅವರು ಅದನ್ನು ನನಗೊಬ್ಬನಿಗೇ ಕೊಟ್ಟಿದ್ದರು. ಗಿಲ್ಬರ್ಟ್ ಎಂಬ ಯಾವನೋ ಒಬ್ಬನನ್ನು ಅವನ ತಾಯಿ ಗಿಬ್ಬನ್ ಎಂದು ಮುದ್ದಾಗಿ ಕರೆದಾಗ, ಅದು ಮುಂದೆ ನೂರಾರು ಜನರ ಹೆಸರಾಗಿ, ಒಂದು ನಗರದ ತೋಟಕ್ಕೂ ಪೇಟೆಗೂ ಅಂಟುವುದೆಂದು ಅವಳು ಬಲ್ಲಳೆ? ನನ್ನ ಹೆಸರು ಹೀಗೆ ಉಳಿಯಿತಲ್ಲಾ ಎಂದು ಒಮ್ಮೆ ಹಿಗ್ಗಾಗುವುದು. ತಂದೆಯವರ ಹೆಸರು ಹೋಯಿತಲ್ಲಾ ಎಂದು ಮರುಗಳಿಗೆಯೇ ಎದೆ ಭಾರವಾಗುವುದು. ಮಗನನ್ನು ನಾನು ಆಕ್ಷೇಪಿಸುವುದಿಲ್ಲ. ಚೌಕವೊಂದಿದ್ದರೆ ಅದನ್ನು ತುಂಬಲೇಬೇಕಾಗುವುದು. ಆದರೆ ಮೂರಕ್ಷರಕ್ಕೆ ಇಳಿದ ಆ ಹೆಸರಿನ ಅರ್ಥವನ್ನು ಇನ್ನು ಐವತ್ತು ವರ್ಷಗಳ ಮೇಲೆ ಅವಳ ಮಕ್ಕಳು ಕೇಳಿದರೆ ಹೇಳುವವರು ಯಾರು?

ಕಳೆದ ಬೇಸಗೆಯಲ್ಲಿ ಮಗನ ಸಂಸಾರ ಊರಿಗೆ ಬಂದಿದ್ದಾಗ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ದೊಡ್ಡ ಹಾಳೆಯ ಮೇಲೆ ಅವಳ ಹೆಸರನ್ನು ಬರೆದೆನು. ಅದರ ಮೇಲೆ ಅವಳ ತಂದೆಯದು, ಅದರ ಮೇಲೆ ನನ್ನದು—ಐದಕ್ಷರವೂ, ಒತ್ತಕ್ಷರ ಸಹಿತ—ಅದರ ಮೇಲೆ ನಮ್ಮ ತಂದೆಯವರದು, ಹೀಗೆ ಏಳು ತಲೆಮಾರು. ಒಂದೊಂದರ ಎದುರಿಗೂ ಅರ್ಥವನ್ನು ಬರೆದು ಓದಿ ಹೇಳಿದೆನು. ಅವಳಿಗೆ ಕನ್ನಡದ ಅಕ್ಷರಗಳು ಅಷ್ಟಿಷ್ಟು ಬರುತ್ತವೆ. ಬೆರಳಿಟ್ಟುಕೊಂಡು ಕೆಳಗಿನಿಂದ ಮೇಲಕ್ಕೆ ಓದಿದಳು. ಮೇಲಿನ ತುದಿಗೆ ಹೋಗಿ ನಿಲ್ಲಿಸಿ, “ತಾತ, ಇವರ ಅಮ್ಮಂದಿರು ಎಲ್ಲಿ?” ಎಂದು ಕೇಳಿದಳು.

ತರ್ಪಣದಲ್ಲಿ ತಂದೆ, ಅಜ್ಜ, ಮುತ್ತಜ್ಜರ ಹೆಸರಿನೊಡನೆ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ಹೇಳುವ ಪದ್ಧತಿಯಿರುವುದರಿಂದ ಅಷ್ಟು ನನ್ನ ಬಾಯಿಗೆ ಒಡನೆಯೇ ಬಂತು, ಬರೆದೆನು. ಅವಳ ತಾಯಿಯದನ್ನೂ ಅವಳ ಅಜ್ಜಿಯದನ್ನೂ ಅವಳೇ ಬರೆದಳು. ಮೇಲಿನ ಎರಡು ತಲೆಮಾರುಗಳ ಪಕ್ಕದಲ್ಲಿ ಅವಳು ಉದ್ದವಾಗಿ ಗೆರೆಗಳನ್ನು ಎಳೆದು ಜಾಗ ಬಿಟ್ಟಿದ್ದಾಳೆ. ನಮ್ಮ ಸೋದರತ್ತೆಯವರಿಗೆ ತೊಂಬತ್ತರ ಹತ್ತಿರ ವಯಸ್ಸು, ನೆನಪು ಚೆನ್ನಾಗಿದೆ; ಕಿವಿ ಮಾತ್ರ ಮಂದ, ಫೋನಿನಲ್ಲಿ ಕೇಳಿಸದು. ಅವರಿಗೆ ಒಂದು ಕಾಗದ ಬರೆದು, ಉತ್ತರಕ್ಕೆ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇಟ್ಟು ಕಳುಹಿಸಿದ್ದೇನೆ.